‘ಉಪಯೋಗ’, ‘ಬಳಕೆ’, ‘ಪ್ರಯೋಜನ’: ಆಸ್ಪತ್ರೆಯ ಮಾಹಿತಿ ವ್ಯವಸ್ಥೆಯ ಸಂದರ್ಭದಲ್ಲಿ ಒಂದು ಪದಪ್ರಶ್ನೆ

ಮಾನ್ಯರೇ,

ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿಗಳ ಚೀಟಿ, ಲ್ಯಾಬ್ ವರದಿ, ಔಷಧ ವಿತರಣೆ ಮುಂತಾದ ಕೆಲಸಗಳು ಇ-ಹಾಸ್ಪಿಟಲ್‌ನಂತಹ ತಂತ್ರಾಂಶಗಳ ಮೂಲಕ ನಡೆಯತೊಡಗಿವೆ. ಈ ಏರ್ಪಾಡು ವೈದ್ಯರಿಗೂ ಶುಶ್ರೂಷಕಿಯರಿಗೂ ಎಷ್ಟರಮಟ್ಟಿಗೆ ನೆರವಾಗಿದೆ ಎಂದು ಅವರನ್ನೇ ಕೇಳುವ ಕನ್ನಡ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಉಪಯೋಗ’ ಎಂಬ ಪದವನ್ನು ಇಟ್ಟುಕೊಳ್ಳಬೇಕೇ, ಕೈಬಿಡಬೇಕೇ ಎಂಬುದು ನನ್ನ ಪ್ರಶ್ನೆ.

‘ಉಪಯೋಗಿಸು’ ಎಂದರೆ ಬಳಸು. ಆದರೆ ‘ಅದರಿಂದ ಏನು ಉಪಯೋಗ?’ ಎಂದಾಗ ನಾವು ಕೇಳುವುದು ಫಲವನ್ನು. ದಿನನಿತ್ಯದ ಮಾತಿನಲ್ಲಿ ಸಂದರ್ಭವೇ ಅರ್ಥವನ್ನು ತಿಳಿಸುತ್ತದೆ. ಆಸ್ಪತ್ರೆಯಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಅಲ್ಲಿ ತಂತ್ರಾಂಶದ ಬಳಕೆ ಸಾಮಾನ್ಯವಾಗಿ ಆದೇಶದಿಂದ ಬಂದದ್ದು. ರೋಗಿಯ ಜ್ವರ, ನಾಡಿ, ರಕ್ತದೊತ್ತಡಗಳನ್ನು ಮೊದಲು ಕೇಸ್ ಶೀಟಿನಲ್ಲಿ ಬರೆದು, ಪಾಳಿ ಮುಗಿಯುವ ಹೊತ್ತಿಗೆ ಅವನ್ನೇ ಮತ್ತೊಮ್ಮೆ ಕಂಪ್ಯೂಟರಿನಲ್ಲಿ ಎಂಟ್ರಿ ಮಾಡುವ ಶುಶ್ರೂಷಕಿ ‘ಉಪಯೋಗ ಇದೆಯೇ?’ ಎಂಬುದಕ್ಕೆ ‘ಇದೆ’ ಎಂದು ಗುರುತು ಹಾಕಿದರೆ, ತಾನು ಅದನ್ನು ಬಳಸುತ್ತಿದ್ದೇನೆ ಎಂದು ಆಕೆ ಹೇಳುತ್ತಿದ್ದಾಳೆಯೋ, ಅದರಿಂದ ತನಗೆ ಒಳಿತಾಗಿದೆ ಎಂದು ಹೇಳುತ್ತಿದ್ದಾಳೆಯೋ ತಿಳಿಯುವುದಿಲ್ಲ. ಎರಡು ಪಟ್ಟು ಕೆಲಸದ ಹೊರೆ ವರದಿಯಲ್ಲಿ ಯಶಸ್ಸಾಗಿ ದಾಖಲಾಗಿಬಿಡಬಹುದು. ನನ್ನನ್ನು ಹೆಚ್ಚು ಕಾಡುವುದು ಇದೇ.

ಮಾಹಿತಿ ವ್ಯವಸ್ಥೆಗಳನ್ನು ಅಧ್ಯಯನ ಮಾಡುವ ವಿದ್ವಾಂಸರು ಬಳಕೆ ಮತ್ತು ಫಲಗಳನ್ನು ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ಡಿಲೋನ್ ಮತ್ತು ಮೆಕ್ಲೀನ್ ಅವರು 1992ರಲ್ಲಿ ಮಂಡಿಸಿ 2003ರಲ್ಲಿ ಪರಿಷ್ಕರಿಸಿದ, ಇಂಥ ವ್ಯವಸ್ಥೆಗಳ ಯಶಸ್ಸನ್ನು ವಿವರಿಸುವ ಮಾದರಿಯಲ್ಲಿ ಬಳಕೆ ಒಂದು ಅಂಶ, ಬಳಸುವವರ ತೃಪ್ತಿ ಇನ್ನೊಂದು, ಒಟ್ಟಾರೆ ಪ್ರಯೋಜನ ಮತ್ತೊಂದು. ಫ್ರೆಡ್ ಡೇವಿಸ್ ಅವರು 1989ರಲ್ಲಿ, ಒಂದು ತಂತ್ರಜ್ಞಾನವು ಬಳಸುವವರ ಕೆಲಸವನ್ನು ಉತ್ತಮಗೊಳಿಸುತ್ತದೆ ಎಂಬ ನಂಬಿಕೆಯನ್ನೂ ಅದನ್ನು ಬಳಸಲು ಹೆಚ್ಚು ಶ್ರಮ ಬೇಡ ಎಂಬ ನಂಬಿಕೆಯನ್ನೂ ಪ್ರತ್ಯೇಕವಾಗಿ ಅಳೆದರು. ನಮ್ಮ ಸಿಬ್ಬಂದಿಯ ಬಾಯಲ್ಲಿ ಸಹಜವಾಗಿ ಬರುವ ‘ಅನುಕೂಲ’ ಎಂಬ ಮಾತು ಇವೆರಡನ್ನೂ ಒಂದಾಗಿಸುವುದರಿಂದ ಅದನ್ನೂ ಬದಿಗಿಟ್ಟಿದ್ದೇನೆ.

ಈ ವ್ಯತ್ಯಾಸ ಕೇವಲ ಪುಸ್ತಕದ್ದಲ್ಲ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯು ವೈದ್ಯರು ಔಷಧ ಮತ್ತು ಪರೀಕ್ಷೆಗಳ ಸೂಚನೆಗಳನ್ನು ಕಂಪ್ಯೂಟರಿನಲ್ಲೇ ನೀಡುವ ವ್ಯವಸ್ಥೆಯೊಂದನ್ನು 2002ರಲ್ಲಿ ಜಾರಿಗೆ ತಂದಿತು. ಕೈಬರಹದಲ್ಲಿ ಬೇಗ ಮುಗಿಯುತ್ತಿದ್ದ ಕೆಲಸಕ್ಕೆ ಬಹಳ ಹೊತ್ತು ಹಿಡಿಯುತ್ತಿದೆ ಎಂದು ನೂರಾರು ವೈದ್ಯರು ವಿರೋಧಿಸಿದ್ದರಿಂದ 2003ರ ಆರಂಭದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಯಂತ್ರ ಇತ್ತು, ಬಳಕೆಯೂ ಇತ್ತು. ಆದರೆ ಬಳಸುವವರ ಕೆಲಸದ ಲಯಕ್ಕೆ ಅದು ಹೊಂದಲಿಲ್ಲ. ಇದನ್ನು ‘ಉಪಯೋಗ’ ಎಂಬ ಒಂದೇ ಪದವನ್ನಿಟ್ಟುಕೊಂಡು ವಿವರಿಸುವುದು ಕಷ್ಟ.

ಸದ್ಯಕ್ಕೆ ‘ಬಳಕೆ’ ಮತ್ತು ‘ಪ್ರಯೋಜನ’ ಎಂಬ ಜೋಡಿಯನ್ನು ಆರಿಸಿಕೊಂಡಿದ್ದೇನೆ. ಡೇವಿಸ್ ಅವರ ಮೊದಲ ಅಂಶಕ್ಕೆ ‘ಉಪಯುಕ್ತತೆ’ ಎಂಬ ಪದ ಬರಹದಲ್ಲಿ ಸಲ್ಲುತ್ತದೆ, ಆದರೆ ವಾರ್ಡಿನಲ್ಲಿ ನಿಂತು ಕೇಳುವ ಪ್ರಶ್ನೆಗೆ ಒಗ್ಗುವುದಿಲ್ಲ. ‘ಇದು ನಿಮ್ಮ ಕೆಲಸಕ್ಕೆ ಬರುತ್ತದೆಯೇ?’ ಎಂಬ ಮಾತು ಅವರ ವ್ಯಾಖ್ಯೆಗೆ ಬಹಳ ಹತ್ತಿರದ್ದು. ಅದರಲ್ಲಿ ಕೆಲಸವೂ ಇದೆ, ಕೆಲಸ ಮಾಡುವವರೂ ಇದ್ದಾರೆ. ಅದನ್ನು ನಾಮಪದವಾಗಿಸಲು ಹೋದರೆ ಮಾತ್ರ ‘ಕೆಲಸಕ್ಕೆ ಬರುವಿಕೆ’ ಎಂದಾಗಿ, ಹಾಜರಾತಿಯ ವಿಷಯವೆಂಬಂತೆ ಕೇಳಿಸುತ್ತದೆ.

ಇದಕ್ಕೆ ಸೇರಿದ ಇನ್ನೊಂದು ತೊಡಕೂ ಇದೆ. ‘ಸಿಸ್ಟಂ’ ಎಂದರೆ ಕಚೇರಿಯ ಮಾತಿನಲ್ಲಿ ಮೇಜಿನ ಮೇಲಿನ ಕಂಪ್ಯೂಟರು. ‘ವ್ಯವಸ್ಥೆ’ ಎಂದರೆ ಜನ, ನಿಯಮ, ಯಂತ್ರಗಳೆಲ್ಲ ಸೇರಿದ ಏರ್ಪಾಡು. ಆದ್ದರಿಂದ ‘ಸಿಸ್ಟಂ ಸರಿಯಿದೆಯೇ?’ ಎಂದು ಕೇಳಿದರೆ ಯಂತ್ರದ ಸ್ಥಿತಿಯಷ್ಟೇ ಉತ್ತರವಾಗಿ ಬರುತ್ತದೆ. ತಂತ್ರಾಂಶಕ್ಕೆ ಅದರ ಹೆಸರನ್ನೇ ಬಳಸಿ, ‘ವ್ಯವಸ್ಥೆ’ಯನ್ನು ಜನರೂ ಒಳಗೊಂಡ ಅರ್ಥಕ್ಕೆ ಮೀಸಲಿಡುವುದು ಸರಿಯೆಂದು ನನಗೆ ತೋರುತ್ತದೆ.

ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಸಹೋದ್ಯೋಗಿಗಳು ‘ಬಳಕೆ’ ಮತ್ತು ‘ಪ್ರಯೋಜನ’ಗಳನ್ನು ಬೇರೆಯಾಗಿಯೇ ಗ್ರಹಿಸುತ್ತಾರೆಯೇ ಎಂದು ದಯವಿಟ್ಟು ತಿಳಿಸಿ. ‘ಕೆಲಸಕ್ಕೆ ಬರು’ ಎಂಬುದಕ್ಕೆ ಒಪ್ಪುವ ನಾಮಪದವು ನಿಮ್ಮ ಸೀಮೆಯ ಮಾತಿನಲ್ಲಿದ್ದರೆ, ಅದನ್ನು ಬಳಸುವ ಒಂದೆರಡು ವಾಕ್ಯಗಳೊಡನೆ ಬರೆಯಬೇಕೆಂದು ಕೋರುತ್ತೇನೆ.