ಉಪಕೇಂದ್ರದಲ್ಲಿ ಮಾನಸಿಕ ಆರೋಗ್ಯ ಸೇವೆ: ಶುಶ್ರೂಷಾ ಸಿಬ್ಬಂದಿ ಎಲ್ಲಿಯವರೆಗೆ ಹೋಗಬಹುದು?

ಪ್ರಶ್ನೆ (ಸಮುದಾಯ ಆರೋಗ್ಯಾಧಿಕಾರಿ, ಚಿತ್ರದುರ್ಗ ಜಿಲ್ಲೆ)

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಹೆಸರಾಗಿರುವ ಉಪಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಬಿಪಿ, ಶುಗರ್ ತಪಾಸಣೆಗೆ ಬರುವ ಹೆಂಗಸರಲ್ಲಿ ಕೆಲವರು ಸುಸ್ತು, ಎದೆ ಡವಡವ, ನಿದ್ದೆ ಹತ್ತುವುದಿಲ್ಲ ಎಂದು ತಿಂಗಳುಗಟ್ಟಲೆ ಅಲೆಯುತ್ತಾರೆ. ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡರೆ ಸರಿಹೋಗುತ್ತದೆ ಎಂಬುದು ಅವರ ನಂಬಿಕೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಸಿಬ್ಯಾಕ್ (ಸಮುದಾಯ ಆಧಾರಿತ ತಪಾಸಣಾ ಪಟ್ಟಿ) ನಮೂನೆಯಲ್ಲಿ ಖಿನ್ನತೆಯ ಕುರಿತು ಎರಡು ಪ್ರಶ್ನೆಗಳಿವೆ. ಆದರೆ ನನ್ನ ಕೈಸೇರುವ ನಮೂನೆಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಅಂಕವೂ ಸೊನ್ನೆ. ಔಷಧಿ ಆರಂಭಿಸುವ ಅಧಿಕಾರ ನನಗಿಲ್ಲ, ಮನೋವೈದ್ಯರು ಇರುವುದು ಜಿಲ್ಲಾಸ್ಪತ್ರೆಯಲ್ಲಿ. ಹೀಗಿರುವಾಗ ನಾನು ಮಾಡಬಹುದಾದದ್ದೇನು, ಮಾಡಬಾರದ್ದೇನು?

ಉತ್ತರ 1 (ಮನೋವೈದ್ಯಕೀಯ ಶುಶ್ರೂಷಾಧಿಕಾರಿ)

ಸಿಸ್ಟರ್, ಸೊನ್ನೆ ಬರುತ್ತಿರುವುದು ಕೇಳುವ ಜಾಗದಿಂದ. ಜಗಲಿಯ ಮೇಲೆ ಅತ್ತೆ, ನಾದಿನಿ ಕೂತಿರುವಾಗ, ಕಳೆದ ಎರಡು ವಾರಗಳಲ್ಲಿ ನಿರಾಶೆ ಕಾಡಿದೆಯೇ ಎಂದರೆ ಯಾವ ಸೊಸೆ ಹೌದೆಂದಾಳು? ಅದೇ ಪ್ರಶ್ನೆಗಳನ್ನು ನಿಮ್ಮ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ಬಿಪಿ ಪಟ್ಟಿ ಬಿಚ್ಚಿದ ಮೇಲೆ ಕೇಳಿ (ಅಳೆಯುವಾಗ ಮಾತನಾಡಿಸಿದರೆ ರೀಡಿಂಗ್ ಏರುತ್ತದೆ). ಅಂಕ ಮೂರನ್ನು ದಾಟಿದರೆ, ಖಿನ್ನತೆಯ ತೀವ್ರತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ಕ್ಕೆ ಹೋಗಿ. ಆದರೆ ಸುಸ್ತು ಎಂದವರಿಗೆಲ್ಲ ಖಿನ್ನತೆಯ ಹಣೆಪಟ್ಟಿ ಹಚ್ಚುವ ಮೊದಲು ಹಿಮೋಗ್ಲೋಬಿನ್ ನೋಡಲೇಬೇಕು. ರಕ್ತಹೀನತೆಯಲ್ಲೂ ಸುಸ್ತು, ಎದೆಬಡಿತ ಎರಡೂ ಇರುತ್ತವೆ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯದಿಂದ ಅನೇಕರು ಅದನ್ನು ಹಾರಿಸಿಬಿಡುತ್ತಾರೆ. ಆ ಭಯಕ್ಕೆ ಆಧಾರವಿಲ್ಲ. ಹೌದೆಂದವರನ್ನು ಒಂಟಿಯಾಗಿ ಕಳುಹಿಸಬೇಡಿ. ಅಂದೇ ವೈದ್ಯಾಧಿಕಾರಿಗೆ ತೋರಿಸಿ, ರೋಗಿಯ ಒಪ್ಪಿಗೆ ಪಡೆದು ಮನೆಯವರಲ್ಲಿ ಒಬ್ಬರೊಂದಿಗೆ ಮಾತನಾಡಿ, ಹೊಲಕ್ಕೆ ತಂದಿಟ್ಟ ಕ್ರಿಮಿನಾಶಕದ ಡಬ್ಬಿಯನ್ನು ಬೀಗ ಹಾಕಿಡುವಂತೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಕರೆಯನ್ನು ನಿಮ್ಮೆದುರಿಗೇ ಮಾಡಿಸಿದರೆ ಒಳ್ಳೆಯದು.

ಉತ್ತರ 2 (ವೈದ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ)

ಮೇಲಿನ ಉತ್ತರಕ್ಕೆ ನನ್ನದೊಂದು ತಕರಾರಿದೆ. ಗುರುತಿಸುವುದರ ಬಗ್ಗೆ ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ, ಆದರೆ ನಾವು ಸೋಲುವುದು ಅದರ ನಂತರ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರೋಗಿಯನ್ನು ಪತ್ತೆಹಚ್ಚುವುದರ ಜೊತೆಗೆ ಚಿಕಿತ್ಸೆ ತಪ್ಪದಂತೆ ಬೆನ್ನುಹತ್ತುವುದೂ ಅಲ್ಲಿ ಆರೋಗ್ಯ ಕಾರ್ಯಕರ್ತರ ಹೊಣೆಯಾಗಿತ್ತು. ಖಿನ್ನತೆಯ ಮಾತ್ರೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಮೊದಲ ವಾರದಲ್ಲೇ ಶುರುವಾಗುತ್ತವೆ. ಹಾಗಾಗಿ ರೋಗಿ ಮಾತ್ರೆ ಬಿಡುವುದು ಸಾಮಾನ್ಯವಾಗಿ ಇದೇ ಅವಧಿಯಲ್ಲಿ. ಆಗ ನೀವು ಒಂದು ಫೋನ್ ಮಾಡಿ, ಇದು ನಿರೀಕ್ಷಿತವೇ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದರೆ, ನನ್ನ ಚೀಟಿಗಿಂತ ಹೆಚ್ಚಿನ ಕೆಲಸವಾಗುತ್ತದೆ. ಮಾಡಬಾರದ್ದೆಂದರೆ, ನಿದ್ದೆಗೆಂದು ಯಾರದೋ ಹಳೆಯ ಚೀಟಿ ನೋಡಿ ಮಾತ್ರೆ ಕೊಡುವುದು.

ಉತ್ತರ 3 (ರೋಗಿಯ ಸಹೋದರ)

ನಮ್ಮ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ, ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡಿಸಬೇಕು. ಸಿಸ್ಟರ್ ಒಬ್ಬರು ತಾರೀಖು ನೆನಪಿಟ್ಟು ಕರೆಯುತ್ತಿದ್ದರು. ಅವರನ್ನು ಬೇರೆಡೆಗೆ ನಿಯೋಜಿಸಿದ ಮೇಲೆ ಎರಡು ಸಲ ತಪ್ಪಿ, ಕಾಯಿಲೆ ಮರುಕಳಿಸಿತು. ಯಾರೋ ಒಬ್ಬರ ನೆನಪಿನ ಮೇಲೆ ಇದು ನಿಲ್ಲಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಬರಬೇಕಾದ ದಿನಾಂಕಗಳನ್ನು ಬರೆದಿಡಲು ಪ್ರತ್ಯೇಕ ರಿಜಿಸ್ಟರ್ ಇಡಬೇಕೆ? ನಮ್ಮಲ್ಲಿ ಮೇಜಿನ ಮೇಲಿನ ಪುಸ್ತಕವನ್ನು ಬಂದವರೆಲ್ಲ ತಿರುವುತ್ತಾರೆ.

ಉತ್ತರ 1ರ ಲೇಖಕಿ

ಇಡಿ, ಆದರೆ ರಟ್ಟಿನ ಮೇಲೆ ಮಾನಸಿಕ ರೋಗಿಗಳು ಎಂದು ಬರೆಯಬೇಡಿ, ಬೀರುವಿನಲ್ಲಿ ಬೀಗ ಹಾಕಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಗೋಪ್ಯತೆ ರೋಗಿಯ ಹಕ್ಕು. ಬಾರದವರನ್ನು ಕರೆತರಲು ಆಶಾ ಅವರಿಗೆ ಹೆಸರು, ದಿನಾಂಕ ಕೊಟ್ಟರೆ ಸಾಕು. ಯಾವ ಕಾಯಿಲೆ ಎಂದು ಹೇಳುವ ಅಗತ್ಯವಿಲ್ಲ. ನೀವು ರಜೆ ಹಾಕುವಾಗ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ವೈದ್ಯಾಧಿಕಾರಿಯಿಂದ ಲಿಖಿತವಾಗಿ ಪಡೆದುಕೊಳ್ಳಿ.