ಪ್ರಶ್ನೋತ್ತರ: ಹಳೆಯ ಹಾಲಿವುಡ್‌ನ ಪತ್ತೇದಾರಿ ಪ್ರಣಯ ಹಾಸ್ಯಚಿತ್ರಗಳಲ್ಲಿ ಯಾರಿಗೆ ಜಾಗವಿತ್ತು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಚಿತ್ರಸಮಾಜದಲ್ಲಿ ಮುಂದಿನ ವಾರ 1934ರ ‘ದಿ ಥಿನ್ ಮ್ಯಾನ್’ ಪ್ರದರ್ಶನವಿದೆ. ಕೊಲೆಯ ತನಿಖೆಯ ಜೊತೆಗೆ ದಂಪತಿಯ ಸರಸವನ್ನೂ ಹೆಣೆದ ಆ ಕಾಲದ ಚಿತ್ರಗಳಲ್ಲಿ ನಾಯಕ, ನಾಯಕಿ ಇಬ್ಬರೂ ಬಿಳಿಯರೇ ಆಗಿರುತ್ತಿದ್ದುದು ರೂಢಿಯಿಂದಲೋ, ನಿಯಮದಿಂದಲೋ?

ಉತ್ತರ (ಚಲನಚಿತ್ರ ಇತಿಹಾಸದ ಅಧ್ಯಾಪಕಿ): ಎರಡರಿಂದಲೂ. ಸ್ಟುಡಿಯೋಗಳು 1930ರಲ್ಲಿ ಒಪ್ಪಿಕೊಂಡು 1934ರ ಜುಲೈಯಿಂದ ಕಟ್ಟುನಿಟ್ಟಾಗಿ ಪಾಲಿಸತೊಡಗಿದ ನಿರ್ಮಾಣ ಸಂಹಿತೆಯು ಬಿಳಿಯರ ಮತ್ತು ಕಪ್ಪುಜನರ ನಡುವಿನ ಸಂಬಂಧವನ್ನು ತೆರೆಯ ಮೇಲೆ ತೋರಿಸುವುದನ್ನು ನಿಷೇಧಿಸಿತ್ತು. ಏಷ್ಯಾ ಮೂಲದವರ ವಿಷಯದಲ್ಲೂ ಸ್ಟುಡಿಯೋಗಳು ಅದೇ ಅಂಜಿಕೆಯಿಂದ ನಡೆದುಕೊಂಡವು. ಜೋಡಿಯೇ ಜೀವಾಳವಾದ ಇಂಥ ಚಿತ್ರಗಳಲ್ಲಿ, ನಾಯಕ ಬಿಳಿಯನೆಂದು ಗೊತ್ತಾದೊಡನೆ ನಾಯಕಿಯ ಬಣ್ಣವೂ ತೀರ್ಮಾನವಾಗಿಬಿಡುತ್ತಿತ್ತು.

ಹೆಣ್ಣಿಗೆ ಇಲ್ಲಿ ಸಿಕ್ಕ ಸಮಾನತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಗಂಡ ಆರನೆಯ ಮಾರ್ಟಿನಿ ಕುಡಿಯುತ್ತಿದ್ದಾನೆಂದು ತಿಳಿದ ಕೂಡಲೇ ‘ದಿ ಥಿನ್ ಮ್ಯಾನ್’ನ ನಾಯಕಿ ನೋರಾ ತನ್ನ ಮುಂದೆ ಇನ್ನೂ ಐದು ಲೋಟಗಳನ್ನು ಸಾಲಾಗಿ ಇಡಿಸಿಕೊಳ್ಳುವ ದೃಶ್ಯವನ್ನು ನಿಮ್ಮ ಪ್ರೇಕ್ಷಕರು ಮರೆಯಲಾರರು. ಆದರೆ ನೋರಾ ಪಾತ್ರದ ಮಿರ್ನಾ ಲಾಯ್ ಅದಕ್ಕೂ ಮುಂಚೆ ಹಲವು ವರ್ಷ ಮೇಕಪ್ ಬಳಿದುಕೊಂಡು ಏಷ್ಯಾದ ಹೆಣ್ಣುಗಳ ಪಾತ್ರ ಮಾಡಿದವರು. 1932ರಲ್ಲಿ ಕಾಲ್ಪನಿಕ ಚೀನೀ ಖಳನಾಯಕ ಫೂ ಮಾಂಚುವಿನ ಮಗಳ ಪಾತ್ರ ಮಾಡಿದ್ದರು. ಅವರು ಆ ವೇಷ ಕಳಚಿ ನಾಯಕಿಯಾದರು. ಅವರು ಹುಟ್ಟಿದ 1905ರಲ್ಲೇ ಲಾಸ್ ಏಂಜಲೀಸ್‌ನಲ್ಲಿ ಜನಿಸಿದ ಚೀನೀ ಮೂಲದ ಆನಾ ಮೇ ವಾಂಗ್ ಅವರಿಗೆ ಆ ದಾರಿ ಇರಲಿಲ್ಲ. 1937ರ ‘ಡಾಟರ್ ಆಫ್ ಶಾಂಘೈ’ ಎಂಬ ಅಪರಾಧಚಿತ್ರದಲ್ಲಿ ಅವರಿಗೆ ಪ್ರಣಯವೂ ದಕ್ಕಿತು, ನಾಯಕ ಕೊರಿಯಾ ಮೂಲದ ಫಿಲಿಪ್ ಆನ್ ಆದ್ದರಿಂದ.

ಪ್ರಶ್ನೆ: ಹಾಗಾದರೆ ಹಾಸ್ಯಚಿತ್ರಗಳಲ್ಲಿ ಬಿಳಿಯರಲ್ಲದವರು ಕಾಣಿಸುವುದೇ ಇಲ್ಲವೇ?

ಉತ್ತರ: ಕಾಣಿಸುತ್ತಾರೆ, ಹೆಚ್ಚಾಗಿ ಮನೆಗೆಲಸದವರಾಗಿ. 1938ರ ‘ದಿ ಮ್ಯಾಡ್ ಮಿಸ್ ಮ್ಯಾಂಟನ್’ನಲ್ಲಿ ಹ್ಯಾಟಿ ಮೆಕ್‌ಡ್ಯಾನಿಯಲ್ ಅವರ ಕೆಲಸದಾಕೆ ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಆ ಪಾತ್ರವನ್ನು ಬರಿಯ ಅವಮಾನವೆಂದು ತಳ್ಳಿಹಾಕಿದರೆ ಕಲಾವಿದೆಗೆ ಅನ್ಯಾಯ ಮಾಡಿದಂತಾಗುತ್ತದೆ.

ಇನ್ನು ನಿಮ್ಮ ಚಿತ್ರದ ಹೆಸರುಪಟ್ಟಿಯಲ್ಲಿ ಛಾಯಾಗ್ರಾಹಕರನ್ನು ದಯವಿಟ್ಟು ಗಮನಿಸಿ: ಚೀನಾದಲ್ಲಿ ಹುಟ್ಟಿದ ಜೇಮ್ಸ್ ವಾಂಗ್ ಹೋ. ಆ ದಂಪತಿಯ ಮುಖಗಳಿಗೆ ಬೆಳಕು ಹೊಂದಿಸಿದ ಅವರು, ಬಿಳಿಯ ಲೇಖಕಿ ಸನೋರಾ ಬ್ಯಾಬ್ ಅವರನ್ನು 1937ರಲ್ಲಿ ಪ್ಯಾರಿಸ್‌ಗೆ ಹೋಗಿ ಮದುವೆಯಾಗಬೇಕಾಯಿತು. ಇಂಥ ಅಂತರ್‌ಜನಾಂಗೀಯ ಮದುವೆಗೆ ಕ್ಯಾಲಿಫೋರ್ನಿಯಾದಲ್ಲಿದ್ದ ನಿಷೇಧವನ್ನು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಿತ್ತುಹಾಕಿದ್ದು 1948ರಲ್ಲಿ.