1938ರ ವಿದುರಾಶ್ವತ್ಥ, ಮಕ್ಕಳ ಕಾದಂಬರಿ: ಎರಡನೇ ಕರಡನ್ನು ಪಾತ್ರದ ಕೈಗೆ ಕೊಡೋದು ಹೇಗೆ?

ಹುಣಸೆತೋಪು (ತುಮಕೂರು):

ಎಲ್ಲರಿಗೂ ನಮಸ್ಕಾರ. 10ರಿಂದ 12 ವರ್ಷದ ಮಕ್ಕಳಿಗಾಗಿ ಬರೆಯುತ್ತಿರುವ ಕಾದಂಬರಿಯ ಬಗ್ಗೆ ಸಲಹೆ ಬೇಕು. ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ, ಕಾಂಗ್ರೆಸ್ ಬಾವುಟ ಹಾರಿಸೋಕೆ ಸೇರಿದ್ದ ಜನರ ಮೇಲೆ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರ್ ಕಥೆಯ ನಡುಮನೆ. ಮುಖ್ಯ ಪಾತ್ರ ನಾಗಿ, 11 ವರ್ಷ. ಅಜ್ಜಿ ಜೊತೆ ಅಶ್ವತ್ಥಕಟ್ಟೆ ಹತ್ತಿರ ಹೂವು, ಅರಿಶಿನ-ಕುಂಕುಮ ಮಾರುತ್ತಾಳೆ. ಅಣ್ಣ ಮುನಿಯನಿಗೆ 16. ಸತ್ಯಾಗ್ರಹಿಗಳ ಹಿಂದೆ ಓಡಾಡುತ್ತಾನೆ. 14 ಅಧ್ಯಾಯ, ಹತ್ತಿರ ಹತ್ತಿರ 24,000 ಪದ. ಮೊದಲ ಕರಡು ಮುಗಿದಿದೆ.

ಓದಿದವರು ಹೇಳುವುದು ಒಂದೇ: ಘಟನೆ ಕಣ್ಣಿಗೆ ಕಟ್ಟುತ್ತದೆ, ನಾಗಿ ಮಾತ್ರ ಎಲ್ಲವನ್ನೂ ಪಕ್ಕದಲ್ಲಿ ನಿಂತು ನೋಡುತ್ತಾಳೆ. ಮುನಿಯನ ಬಾಯಲ್ಲಿ ಪಾಠದಂಥ ಮಾತು ಜಾಸ್ತಿ. ಎರಡನೇ ಕರಡಿನಲ್ಲಿ ನಾಗಿ ಹೇಳಿದ ದಾರಿಯಲ್ಲೇ ಹೋಗಬೇಕು ಅಂತ ತೀರ್ಮಾನಿಸಿದ್ದೇನೆ. ಎಲ್ಲಿಂದ ಶುರು ಮಾಡಲಿ? ನಾಗಿ ಒಂದು ಕಡೆ ಎಳೆದು ಇತಿಹಾಸ ಇನ್ನೊಂದು ಕಡೆ ಎಳೆದರೆ ಯಾರ ಮಾತು ಕೇಳಬೇಕು? ಗುಂಡು ಹಾರುವ 10ನೇ ಅಧ್ಯಾಯವನ್ನು ಈ ವಯಸ್ಸಿನವರಿಗೆ ಎಷ್ಟು ತೋರಿಸಬೇಕು?

ಕೆಂಪುಮಣ್ಣು (ಕೋಲಾರ):

ಕರಡನ್ನು ಮೊದಲ ಸಾಲಿನಿಂದ ತಿದ್ದೋಕೆ ಕೂರಬೇಡಿ. ಹಾಗೆ ಕೂತರೆ ಭಾಷೆ ನಯವಾಗುತ್ತದೆ, ಹುಡುಗಿ ಇದ್ದಲ್ಲೇ ಇರುತ್ತಾಳೆ. ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿದು, ನಾಗಿ ಕರ್ತೃವಾಗಿರುವ ವಾಕ್ಯಗಳ ಕ್ರಿಯಾಪದಕ್ಕೆ ಮಾತ್ರ ಗೆರೆ ಎಳೆಯುತ್ತಾ ಹೋಗಿ. ನೋಡಿದಳು, ಕೇಳಿಸಿಕೊಂಡಳು, ಹೆದರಿದಳು, ಅಂದುಕೊಂಡಳು, ಇವೇ ತುಂಬಿದ್ದರೆ ಆ ಅಧ್ಯಾಯ ಅವಳದಲ್ಲ, ಮುನಿಯನದು. ಬಚ್ಚಿಟ್ಟಳು, ಸುಳ್ಳು ಹೇಳಿದಳು, ಹಿಂದೆಯೇ ಹೋದಳು, ಕೊಡಲಿಲ್ಲ, ಇಂಥವು ಬಂದ ಕಡೆ ಕಥೆಗೆ ಜೀವ ಇದೆ. ಆ ಪುಟಗಳಿಗೆ ಗುರುತು ಹಾಕಿ, ಎರಡನೇ ಕರಡು ಬೆಳೆಯಬೇಕಾದ್ದು ಅಲ್ಲಿಂದಲೇ.

ಆಮೇಲೆ ಪ್ರತಿ ಅಧ್ಯಾಯಕ್ಕೂ ಅಂಗೈಯಗಲದ ಒಂದೊಂದು ಚೀಟಿ. ಅಧ್ಯಾಯ ಶುರುವಾದಾಗ ನಾಗಿಗೆ ಏನು ಬೇಕು, ಅಡ್ಡ ಬರೋದು ಯಾರು, ಅವಳು ಏನು ಮಾಡಿದಳು, ಅದರಿಂದ ಏನು ಕೆಟ್ಟಿತು ಅಥವಾ ಸರಿಹೋಯಿತು, ಅಷ್ಟೇ ಬರೆಯಿರಿ. ‘ಏನು ಬೇಕು’ ಅನ್ನೋ ಕಡೆ ‘ಸ್ವಾತಂತ್ರ್ಯ’ ಅಂತ ಬರೆದರೆ ಚೀಟಿ ಹರಿದುಹಾಕಿ. ಹನ್ನೊಂದು ವರ್ಷದ ಹೂವಿನ ಹುಡುಗಿಗೆ ಬೇಕಾದ್ದು ಇನ್ನೂ ಚಿಕ್ಕದು, ಇನ್ನೂ ತುರ್ತಿನದು: ಬಿಸಿಲೇರಿ ಹೂವು ಬಾಡೋದರೊಳಗೆ ಮಾರಿ ಮುಗಿಸಬೇಕು, ಅಣ್ಣ ರಾತ್ರಿ ಎಲ್ಲಿಗೆ ಹೋಗ್ತಾನೆ ತಿಳಿಯಬೇಕು, ಅಜ್ಜಿಗೆ ಗೊತ್ತಾಗಬಾರದು. ಮುನಿಯ ಒಂದು ಬಟ್ಟೆಗಂಟನ್ನು ಇವಳ ಹೂವಿನ ಬುಟ್ಟಿಯಡಿ ಇಟ್ಟು ಹೋದ ಅನ್ನಿ. ಒಳಗಿರೋದು ಕಾಂಗ್ರೆಸ್ ಬಾವುಟ. ಈಗ ನೋಡಿ, ಅವಳ ಬುಟ್ಟಿಯೇ ಕಥೆಯಾಯಿತು. ಬಾವುಟ ಹಾರಿಸಬಾರದು ಅನ್ನೋ ಸರ್ಕಾರದ ಆಜ್ಞೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಪೊಲೀಸಿನವನು ಹೂವು ಕೊಳ್ಳೋಕೆ ಬಂದು ಬುಟ್ಟಿಗೆ ಕೈ ಹಾಕಿದರೆ ಸಾಕು, ಓದುವ ಮಗುವಿಗೆ ಆಜ್ಞೆಯ ಭಾರ ತಿಳಿಯುತ್ತದೆ.

ಪಾತ್ರ ದಾರಿ ತೋರಿಸುತ್ತದೆ ಅಂದರೆ ಮುಖ್ಯವಾಗಿ ಹಿಂದಕ್ಕೆ ಹೋಗಿ ತಿದ್ದೋದು. 10ನೇ ಅಧ್ಯಾಯದಲ್ಲಿ ನಾಗಿ ನಾಗರಕಲ್ಲುಗಳ ಸಂದಿಯಲ್ಲಿ ನುಸುಳಿ ಅಣ್ಣನನ್ನು ಹುಡುಕುತ್ತಾಳೆ ಅಂದರೆ, ಆ ಸಂದಿ ಅವಳಿಗೆ ಮೊದಲೇ ಗೊತ್ತಿರಬೇಕು. ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ಕಲ್ಲುಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಯಾವ ಎರಡರ ನಡುವೆ ಮಗು ತೂರಬಹುದು, ದೊಡ್ಡವರು ತೂರಲಾರರು ಅನ್ನೋದನ್ನ 2ನೇ ಅಧ್ಯಾಯದಲ್ಲೇ, ಅವಳು ಅರಿಶಿನ ಹಚ್ಚುವ ಕೆಲಸದ ನಡುವೆ, ಎರಡು ಸಾಲಲ್ಲಿ ಇಟ್ಟುಬಿಡಿ. ಮುಂದೆ ಅದು ಉಪಯೋಗಕ್ಕೆ ಬರುತ್ತದೆ ಅನ್ನೋ ಸುಳಿವು ಮಾತ್ರ ಬೇಡ.

ಮುನಿಯನ ಭಾಷಣ ಕತ್ತರಿಸೋಕೆ ಒಂದು ಉಪಾಯ ಇದೆ. ಅವನ ಪ್ರತಿ ಉದ್ದ ಮಾತಿನ ಪಕ್ಕ, ಆ ಹೊತ್ತಿಗೆ ನಾಗಿಯ ಕೈ ಏನು ಮಾಡುತ್ತಿದೆ ಅಂತ ಬರೆಯಿರಿ. ಹೂವು ಕಟ್ಟುತ್ತಿದ್ದರೆ ನಾಲ್ಕು ಗಂಟು ಹಾಕೋಷ್ಟು ಹೊತ್ತು ಮಾತ್ರ ಅವಳು ಕೇಳಿಸಿಕೊಂಡಾಳು. ಅಷ್ಟೇ ಮಾತು ಉಳಿಸಿ, ಅದರಲ್ಲೂ ಒಂದನ್ನು ಅವಳು ತಪ್ಪಾಗಿ ಅರ್ಥ ಮಾಡಿಕೊಳ್ಳಲಿ. ಕತ್ತರಿಸಿದ್ದನ್ನು ಅಳಿಸಬೇಡಿ, ಬೇರೆ ಫೈಲಿನಲ್ಲಿ ಇಡಿ. ಬೇರೆಲ್ಲೋ ಒಂದು ಸಾಲು ಬೇಕಾಗುತ್ತದೆ.

ಅಜ್ಜಿಯ ಬಾಯಲ್ಲಿ ಒಂದು ಪುಟ, ಪೊಲೀಸಿನವನ ಬಾಯಲ್ಲಿ ಒಂದು ಪುಟ ಬರೆದು ನೋಡಿ. ಅವು ಪುಸ್ತಕಕ್ಕಲ್ಲ. ಪೊಲೀಸಿನವನೂ ಹತ್ತಿರದ ಯಾವುದೋ ಊರಿನವನು, ಅವನ ಮನೆಯವರೂ ಅದೇ ಮರಕ್ಕೆ ಹರಕೆ ಹೊತ್ತಿರಬಹುದು. ಇದು ಹೊಳೆದರೆ ಅವನು ಮೀಸೆಯ ಬೊಂಬೆಯಾಗಿ ಉಳಿಯೋದಿಲ್ಲ.

ಹಳೆಕಡತ (ಚಿಕ್ಕಬಳ್ಳಾಪುರ):

ಯಾರ ಮಾತು ಕೇಳಬೇಕು ಅನ್ನೋ ಪ್ರಶ್ನೆಗೆ: ದಾಖಲೆಯಲ್ಲಿರೋದು ಅಲುಗುವ ಹಾಗಿಲ್ಲ, ಅದರ ಮುಂದೆ ನಾಗಿ ಸೋಲಲೇಬೇಕು. ದಿನ, ಜಾಗ, ಬಾವುಟಕ್ಕಿದ್ದ ನಿಷೇಧ, ಗುಂಡು ಹಾರಿಸಿದ್ದು ಯಾರು, ಇವು ಅಲುಗದವು. ಅಂದು ಯಾರು ಎಲ್ಲಿ ನಿಂತಿದ್ದರು, ಯಾವ ಅಂಗಡಿ ಎಲ್ಲಿತ್ತು ಅನ್ನೋದು ಪೂರ್ತಿ ನಿಮ್ಮ ಹುಡುಗಿಯದು. ಹುಡುಗಿ ಅಡ್ಡ ಬಂದು ಗುಂಡು ನಿಲ್ಲಿಸುವ ಆಸೆ ಬಂದರೆ ಬಿಟ್ಟುಬಿಡಿ. ಸತ್ತವರಿಗೆ ಮಾಡುವ ಅನ್ಯಾಯ ಅದು.

ಈ ವಿಷಯದಲ್ಲಿ ಪದೇಪದೇ ಆಗುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ವಿದುರಾಶ್ವತ್ಥವನ್ನು ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತ ಕರೆಯುವ ರೂಢಿಯಿದೆ. ಅದರಿಂದ ಬರೆಯುವವರ ಕಣ್ಣ ಮುಂದೆ 1919ರ ಅಮೃತಸರ ಬಂದು ಕೂರುತ್ತದೆ: ಗೋಡೆ ಸುತ್ತಿದ ಮೈದಾನ, ಹ್ಯಾಟು ಹಾಕಿದ ಇಂಗ್ಲಿಷ್ ಅಧಿಕಾರಿ. ಇಲ್ಲಿ ಇದ್ದದ್ದು ಮೈಸೂರು ಸಂಸ್ಥಾನದ ಪೊಲೀಸರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಜನ ಮಹಾರಾಜರ ಪಟಕ್ಕೆ ಕೈ ಮುಗಿಯುತ್ತಿದ್ದ ಕಾಲ ಅದು. ಆ ಪಟ ನಾಗಿಯ ಮನೆಯ ಗೋಡೆಯ ಮೇಲೂ ಇರಲಿ. ಅಜ್ಜಿ ದಿನಾ ದೀಪ ಹಚ್ಚುವಾಗ ಅದಕ್ಕೂ ಒಂದು ಹೂವು ಇಡಲಿ. ‘ನಮ್ಮ ಮಹಾರಾಜರ ಪೊಲೀಸರು ನಮ್ಮೋರ ಮೇಲೆ ಯಾಕೆ ಗುಂಡು ಹಾರಿಸಿದರು?’ ಅನ್ನೋ ಪ್ರಶ್ನೆ ಅವಳದೇ ಆಗುತ್ತದೆ. ನಿಮ್ಮ ಕಾದಂಬರಿಗೆ ಬೇಕಾದ ನೋವು ಇರೋದು ಇಲ್ಲಿ. ಶತ್ರುವನ್ನು ಬ್ರಿಟಿಷರನ್ನಾಗಿ ಮಾಡಿದರೆ ಕಥೆ ಸುಲಭವಾಗುತ್ತದೆ, ನಾಗಿಗೆ ಕೇಳೋಕೆ ಏನೂ ಉಳಿಯೋದಿಲ್ಲ.

ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಕಡಿಮೆ, ಜನರ ಲೆಕ್ಕದಲ್ಲಿ ಹೆಚ್ಚು. ಅದನ್ನು ಯಾವ ಪಾತ್ರದ ಬಾಯಲ್ಲೂ ಇಡಬೇಡಿ. ಪುಸ್ತಕದ ಕೊನೆಯಲ್ಲಿ ಒಂದು ಪುಟದ ಟಿಪ್ಪಣಿ ಕೊಟ್ಟು, ಲೆಕ್ಕ ಯಾಕೆ ಬೇರೆಬೇರೆ ಅಂತ ಮಕ್ಕಳಿಗೆ ನೇರವಾಗಿ ಹೇಳಿ. ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಚಿಕ್ಕಪುಟ್ಟದ್ದು. ಆ ದಿನ ಸೋಮವಾರ. ಹುಣ್ಣಿಮೆ ಕಳೆದು ಹತ್ತು ದಿನ ದಾಟಿತ್ತು, ಚಂದ್ರ ಮೂಡೋದು ನಡುರಾತ್ರಿಯ ಮೇಲೆ. ಸಂಜೆಯ ದೃಶ್ಯದಲ್ಲಿ ಬೆಳದಿಂಗಳು ಇದ್ದರೆ ತೆಗೆಯಿರಿ. ಏಪ್ರಿಲ್‌ನಲ್ಲಿ ಅವರೆಕಾಯಿ ಸಾರು ಬೇಡ, ಅದು ಚಳಿಗಾಲದ್ದು. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ ಹೊಂದುತ್ತದೆ. ಉತ್ತರ ಪಿನಾಕಿನಿಯಲ್ಲಿ ಆ ಬೇಸಿಗೆಗೆ ತುಂಬು ಹೊಳೆ ಹರಿಸಬೇಡಿ, ಮರಳಲ್ಲಿ ಒರತೆ ತೋಡಿ ನೀರು ತುಂಬಲಿ. ದುಡ್ಡಿನ ಲೆಕ್ಕ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನೂರು ಪೈಸೆಯ ರೂಪಾಯಿ ಬಂದದ್ದು 1957ರ ಏಪ್ರಿಲ್‌ನಲ್ಲಿ. ಜಿಲ್ಲೆ ಕೋಲಾರ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ.

ಇವನ್ನೆಲ್ಲ ಕಾದಂಬರಿಯೊಳಗೆ ತುರುಕಬೇಕು ಅಂತ ಹೇಳುತ್ತಿಲ್ಲ. ನಾಗಿ ಮುಟ್ಟಿದ್ದು, ಎಣಿಸಿದ್ದು, ಹೊತ್ತದ್ದು ಮಾತ್ರ ಒಳಗೆ ಬರಲಿ. ಅವಳಿಗೆ ಸಂಬಂಧವಿಲ್ಲದ ವಿವರ ಎಷ್ಟೇ ನಿಜವಾದರೂ ಆಚೆಗೆ.

ಆರನೇ ಕ್ಲಾಸು (ಶಿರಾ):

ತಿದ್ದಿದ ಅಧ್ಯಾಯಗಳನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ನಿಮ್ಮ ಅಧ್ಯಾಯ ಸುಮಾರು 1,700 ಪದ ಬರುತ್ತದೆ. ನಿಧಾನವಾಗಿ ಓದಿದರೆ ಇಪ್ಪತ್ತು ನಿಮಿಷ. 40 ನಿಮಿಷದ ಪಿರಿಯಡ್‌ನಲ್ಲಿ ಉಳಿದ ಹೊತ್ತು ಅವರ ಮಾತಿಗೆ. ‘ಚೆನ್ನಾಗಿದೆಯಾ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ‘ಈಗ ನಾಗಿ ಏನು ಮಾಡ್ತಾಳೆ?’ ಅಂತ ಕೇಳಿ. ಹತ್ತು ಮಕ್ಕಳು ನಾಲ್ಕು ಥರ ಹೇಳಿ ಜಗಳಕ್ಕೆ ನಿಂತರೆ ಪಾತ್ರ ನಿಂತಿದೆ ಅಂತ ಲೆಕ್ಕ. ಯಾರಿಗೂ ಏನೂ ಹೊಳೆಯದಿದ್ದರೆ ಅವಳಿಗೆ ಏನು ಬೇಕು ಅನ್ನೋದೇ ಪುಟದಲ್ಲಿ ಇಲ್ಲ. ಎಲ್ಲರೂ ಒಂದೇ ಉತ್ತರ ಕೊಟ್ಟು ಅದೇ ನಿಮ್ಮ ಮುಂದಿನ ಅಧ್ಯಾಯವಾಗಿದ್ದರೆ ಕಥೆ ತೀರಾ ಸಲೀಸಾಗಿದೆ.

ಓದುವಾಗ ಒಬ್ಬರು ಪಕ್ಕದಲ್ಲಿ ಕೂತು, ಮಕ್ಕಳು ಕಿಟಕಿ ಕಡೆ ನೋಡಿದ ಜಾಗಕ್ಕೆ ಅಂಚಿನಲ್ಲಿ ಚುಕ್ಕೆ ಹಾಕಲಿ. ಚುಕ್ಕೆಗಳು ಹೆಚ್ಚಾಗಿ ಬೀಳೋದು ಮುನಿಯನ ಮಾತುಗಳ ಮೇಲೆ. ಬೆಟ್ ಕಟ್ಟಿ ಹೇಳಬಹುದು.

ಮಾತಿನ ಬಗ್ಗೆ ಒಂದು ವಿಷಯ. ಗೌರಿಬಿದನೂರು, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಸ್ಕೂಲು-ಸಂತೆಯಲ್ಲಿ ಕನ್ನಡ. ನಾಗಿಯ ಮನೆಯಲ್ಲಿ ಯಾವುದು ಅಂತ ಮೊದಲೇ ತೀರ್ಮಾನಿಸಿ. ತೆಲುಗು ಅಂತಾದರೆ ಅಜ್ಜಿ ಸಿಟ್ಟು ಬಂದಾಗ, ಮುದ್ದು ಬಂದಾಗ ಮಾತ್ರ ಒಂದೊಂದು ಸಾಲು ತೆಲುಗು ಆಡಲಿ. ನಾಗಿಯ ಉತ್ತರದಿಂದಲೇ ಅದರ ಅರ್ಥ ಆಗುವ ಹಾಗಿರಲಿ. ಒಂದು ಅಧ್ಯಾಯಕ್ಕೆ ಎರಡು ಸಾಲು ದಾಟಿದರೆ ಈ ಕಡೆಯ ಮಕ್ಕಳು ಎಡವುತ್ತಾರೆ.

ಹುಣಸೆತೋಪು (ತುಮಕೂರು):

ಬುಟ್ಟಿಯ ಸಲಹೆಗೆ, ಪಟದ ಸಲಹೆಗೆ ತುಂಬ ಧನ್ಯವಾದ. ಗೆರೆ ಎಳೆದು ನೋಡಿದ್ದಾಯಿತು. 14ರಲ್ಲಿ 5 ಅಧ್ಯಾಯ ಮಾತ್ರ ನಾಗಿಯವು. ಎರಡು ವಿಷಯ ಇನ್ನೂ ಕಗ್ಗಂಟು. ಗೋಲಿಬಾರ್ ಹೇಗೆ ಬರೆಯಲಿ? ಮತ್ತೆ ಕೊನೆಯ ಅಧ್ಯಾಯದಲ್ಲಿ ಪಟೇಲ್-ಮಿರ್ಜಾ ಒಪ್ಪಂದದ (ಗೋಲಿಬಾರ್ ಆದ ಮೇಲೆ ಕಾಂಗ್ರೆಸ್‌ನ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಮಾಡಿಕೊಂಡ ಒಪ್ಪಂದ) ವಿಷಯ ಬರುತ್ತದೆ, ಅದು ನಾಗಿಯ ಕೈಗೆ ಸಿಗುತ್ತಲೇ ಇಲ್ಲ.

ರೇಖೆಬಣ್ಣ (ಚಿಂತಾಮಣಿ):

ಚಿತ್ರದ ಕಡೆಯಿಂದ ಎರಡು ಮಾತು. ಬುಟ್ಟಿಯಲ್ಲಿರುವ ಬಾವುಟದ ನಡುವೆ ಚರಕ ಇರಬೇಕು. 1931ರಲ್ಲಿ ಕಾಂಗ್ರೆಸ್ ಒಪ್ಪಿದ್ದು ಕೇಸರಿ, ಬಿಳಿ, ಹಸಿರು ಪಟ್ಟಿಯ ಚರಕದ ಬಾವುಟ. ಅಶೋಕ ಚಕ್ರ ಬಂದದ್ದು 1947ರ ಜುಲೈನಲ್ಲಿ. ಕಲಾವಿದರಿಗೆ ಬರೀ ‘ತ್ರಿವರ್ಣ’ ಅಂತ ಬರೆದುಕೊಟ್ಟರೆ ಚಕ್ರವೇ ಬರುತ್ತದೆ, ಮುಖಪುಟ ಅಚ್ಚಾದ ಮೇಲೆ ಗೊತ್ತಾಗುತ್ತದೆ. ಕರಡಿನಲ್ಲೇ ನಾಗಿ ಚರಕವನ್ನು ಬೆರಳಿಂದ ಮುಟ್ಟಿ ನೋಡುವ ಒಂದು ಸಾಲು ಇರಲಿ, ಅದೇ ಕಲಾವಿದರಿಗೂ ಸೂಚನೆಯಾಗುತ್ತದೆ. 10ನೇ ಅಧ್ಯಾಯಕ್ಕೆ ಗುಂಡೇಟಿನ ಚಿತ್ರ ಹಾಕಿಸಬೇಡಿ. ಕಲ್ಲುಗಳ ನಡುವಿನಿಂದ ನಾಗಿಗೆ ಕಾಣುವಷ್ಟೇ ಸಾಕು: ಕಾಲುಗಳು, ಧೂಳು, ಚೆಲ್ಲಿದ ಕುಂಕುಮ.

ಕೆಂಪುಮಣ್ಣು (ಕೋಲಾರ):

ಅದೇ ಗೋಲಿಬಾರಿಗೂ ಉತ್ತರ. ನಾಗಿಯ ಎತ್ತರದಿಂದ ಕಣ್ಣು ಮೇಲೇರದಿರಲಿ. ಅವಳಿಗೆ ಆ ಹೊತ್ತಲ್ಲಿ ಒಂದೇ ಕೆಲಸ, ಮುನಿಯನನ್ನು ಹುಡುಕೋದು. ಹುಡುಕುವವಳು ನಿಂತು ವರ್ಣಿಸೋದಿಲ್ಲ, ಹೆಣ ಎಣಿಸೋದಿಲ್ಲ. ವಾಕ್ಯಗಳು ಗಿಡ್ಡವಾಗಲಿ, ಉಪಮೆ ಒಂದೂ ಬೇಡ. ಸತ್ತವರಲ್ಲಿ ಒಬ್ಬರನ್ನಾದರೂ ಓದುಗ ಮಗು ಮೊದಲೇ ಬಲ್ಲದಾಗಿರಬೇಕು. 3ನೇ ಅಧ್ಯಾಯದಲ್ಲಿ ಚೌಕಾಸಿ ಮಾಡದೆ ಹೂವು ಕೊಂಡವರು ಆಗಬಹುದು. ಅಂಥ ಒಂದೇ ಸಾವು ಸಾಕು. ಗುಂಡಿನ ಹೊತ್ತು ಎರಡು ಪುಟ ದಾಟದಿರಲಿ. ಆಮೇಲಿನ ರಾತ್ರಿಗೆ ಬೇಕಾದಷ್ಟು ಪುಟ ಕೊಡಿ, ಈ ವಯಸ್ಸಿನವರು ಭಯ ತಡೆದುಕೊಳ್ಳುತ್ತಾರೆ, ಭಯದ ನಂತರ ಯಾರೂ ಜೊತೆಗಿಲ್ಲದಿರುವುದನ್ನು ತಡೆದುಕೊಳ್ಳೋದು ಕಷ್ಟ. ಅಜ್ಜಿ ಅಲ್ಲಿರಬೇಕು.

ಒಪ್ಪಂದದ ಮಾತುಕತೆ ಪೂರ್ತಿ ಟಿಪ್ಪಣಿಗೆ ಹೋಗಲಿ. ಅದರ ಫಲವಾಗಿ ಕಾಂಗ್ರೆಸ್ ಬಾವುಟವನ್ನು ಮೈಸೂರಿನ ಗಂಡಭೇರುಂಡ ಬಾವುಟದ ಜೊತೆಗೆ ಹಾರಿಸಬಹುದು ಅಂತಾಯಿತು. ನಾಗಿಗೆ ಕಾಣೋದು ಇದು ಮಾತ್ರ: ಒಂದೇ ಕಡೆ ಎರಡು ಬಾವುಟ. ಒಂದನ್ನು ಬುಟ್ಟಿಯಡಿ ಹೊತ್ತವಳು ಅವಳು. ಇನ್ನೊಂದು ಅಜ್ಜಿ ಕೈ ಮುಗಿಯುವ ಪಟದಲ್ಲಿರುವವರದ್ದು. ಅದನ್ನು ನೋಡಿ ಅವಳಿಗೆ ಸಮಾಧಾನ ಆಯಿತು ಅಂತ ನೀವು ಬರೆಯಬೇಡಿ. ಮೊದಲು 14ನೇ ಚೀಟಿ ತುಂಬಿ: ಆ ದಿನ ಬೆಳಗ್ಗೆ ಅಜ್ಜಿ ಪಟಕ್ಕೆ ಹೂವು ಇಟ್ಟಳಾ, ಇಲ್ಲವಾ? ನಾಗಿ ಕಟ್ಟಿಕೊಟ್ಟಳಾ? ಅದು ತೀರ್ಮಾನವಾಗದೆ ಕೊನೆಯ ಅಧ್ಯಾಯ ಬರೆಯೋಕೆ ಕೂರಬೇಡಿ.